‘ರಶ್ ಇದೆ ಮೇಡಂ’: ಒಂದು ದಸರಾ ಹೋಟೆಲ್ ಪುರಾಣ

ನಮ್ಮ ಶಿವಮೊಗ್ಗದಲ್ಲೂ ದಸರಾ ಜೋರಾಗಿಯೇ ನಡೆಯುತ್ತದೆ. ಸಕ್ರೆಬೈಲಿನ ಆನೆಗಳು ಬರುತ್ತವೆ, ಮೆರವಣಿಗೆ ಹೊರಡುತ್ತದೆ, ಬನ್ನಿ ಮುಡಿಯುತ್ತಾರೆ. ಆದರೆ ನಮ್ಮ ಅತ್ತೆಗೆ ಮೈಸೂರಿನದ್ದೇ ಆಗಬೇಕು. “ಟಿವಿಯಲ್ಲಿ ನೋಡಿ ನೋಡಿ ಸಾಕಾಗಿದೆ, ಒಂದ್ಸಲ ಕಣ್ಣಾರೆ ಅಂಬಾರಿ ನೋಡ್ಬೇಕು” ಅಂತ ವರ್ಷಗಳಿಂದ ಹೇಳುತ್ತಿದ್ದರು. 2025ರಲ್ಲಿ ಅದಕ್ಕೆ ಕಾಲ ಕೂಡಿಬಂತು. ಆ ವರ್ಷ ಹನ್ನೊಂದು ದಿನದ ದಸರಾ. ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ಉದ್ಘಾಟಿಸಿದರು. ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ. ಗಾಂಧಿ ಜಯಂತಿಯೂ ಅದೇ ದಿನ ಬಿದ್ದು ಒಂದು ರಜೆ ನುಂಗಿಹೋಯಿತಲ್ಲ ಅಂತ ನನ್ನ ಗಂಡನಿಗೆ ಬೇಜಾರು.

ಆಗಸ್ಟ್‌ನಲ್ಲೇ ರೂಮ್ ಹುಡುಕಲು ಶುರು ಮಾಡಿದೆ. ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗುವಷ್ಟು ಹತ್ತಿರದ ಒಂದು ಹೋಟೆಲ್ ಸಿಕ್ಕಿತು. ಹೆಸರು ಬೇಡ. ಮಾಮೂಲಿ ದಿನಗಳಲ್ಲಿ 2,400 ರೂಪಾಯಿಯ ರೂಮಿಗೆ ದಸರಾ ರೇಟು 5,500. ಮೈಸೂರಿನಲ್ಲಿ ಆ ಸಮಯಕ್ಕೆ ಇದೇನೂ ಹೊಸದಲ್ಲ, ಎಲ್ಲರೂ ಏರಿಸುತ್ತಾರೆ. ಚೌಕಾಸಿ ಮಾಡಲಿಲ್ಲ. ಒಂದು ರಾತ್ರಿಯ ಬಾಡಿಗೆ ಅಡ್ವಾನ್ಸ್ ಕೇಳಿದರು, ಯುಪಿಐನಲ್ಲಿ ಕಳಿಸಿದೆ. ಕಳಿಸುವ ಮುಂಚೆ ವಾಟ್ಸಾಪ್‌ನಲ್ಲಿ ನಮಗೆ ಬೇಕಾದ್ದನ್ನೆಲ್ಲ ಬರೆದಿದ್ದೆ: ಮೂರು ಜನ, ಒಂದು ಹೆಚ್ಚುವರಿ ಹಾಸಿಗೆ, ಅತ್ತೆಗೆ ಮಂಡಿನೋವು ಇರುವುದರಿಂದ ಲಿಫ್ಟ್ ಹತ್ತಿರದ ರೂಮು, ಬೆಳಿಗ್ಗೆ ಬಿಸಿನೀರು, ತಿಂಡಿ ಸೇರಿ ಬಾಡಿಗೆ, ಸೆಪ್ಟೆಂಬರ್ 30ರಿಂದ ಅಕ್ಟೋಬರ್ 3ರವರೆಗೆ. ಉತ್ತರ ಬಂತು: “ಓಕೆ ಮೇಡಂ ಕನ್ಫರ್ಮ್.” ಈ ಮೂರು ಪದ ಮುಂದೆ ಬಹಳ ಕೆಲಸಕ್ಕೆ ಬಂದವು.

ರೈಲಿನಲ್ಲಿ ಅರಸೀಕೆರೆ, ಹಾಸನ, ಹೊಳೆನರಸೀಪುರ ದಾಟಿ ಮಧ್ಯಾಹ್ನ ಮೈಸೂರು ತಲುಪಿದೆವು. ಹೋಟೆಲಿನ ರಿಸೆಪ್ಷನ್‌ನಲ್ಲಿ ಕಾಲಿಡಲು ಜಾಗವಿಲ್ಲ. ಸೂಟ್‌ಕೇಸುಗಳ ಸಾಲು, ಸೋಫಾದ ಮೇಲೆ ಮಲಗಿದ ಮಕ್ಕಳು, ಕೌಂಟರಿನ ಹಿಂದೆ ಒಬ್ಬನೇ ಹುಡುಗ. “ನಿಮ್ಮ ರೂಮಿನವರು ಇನ್ನೂ ಖಾಲಿ ಮಾಡಿಲ್ಲ, ಎರಡು ಗಂಟೆಗೆ ಬನ್ನಿ” ಅಂದ. ಊಟ ಮಾಡಿ ಬಂದೆವು. “ಕ್ಲೀನಿಂಗ್ ನಡೀತಿದೆ” ಅಂದ. ಮೂರೂವರೆಗೆ ಕೇಳಿದಾಗ ಸತ್ಯ ಹೊರಬಂತು. ಆ ರೂಮಿನವರು ಇನ್ನೂ ಮೂರು ದಿನ ಉಳಿಯುತ್ತಾರಂತೆ. “ನಿಮಗೆ ನಮ್ಮದೇ ಇನ್ನೊಂದು ಹೋಟೆಲ್‌ನಲ್ಲಿ ವ್ಯವಸ್ಥೆ ಮಾಡಿದ್ದೀವಿ ಮೇಡಂ. ರಿಂಗ್ ರೋಡ್ ಹತ್ತಿರ. ಇದಕ್ಕಿಂತ ಚೆನ್ನಾಗಿದೆ.”

ಇದು ಹೇಗೆ ಆಗುತ್ತದೆ ಅಂತ ಗೊತ್ತಿರುವುದು ಒಳ್ಳೆಯದು. ಹೋಟೆಲಿನವರು ಇರುವ ರೂಮಿಗಿಂತ ನಾಲ್ಕಾರು ಬುಕಿಂಗ್ ಜಾಸ್ತಿಯೇ ತೆಗೆದುಕೊಳ್ಳುತ್ತಾರೆ. ಯಾರಾದರೂ ಕೈಕೊಟ್ಟೇ ಕೊಡುತ್ತಾರೆ ಎನ್ನುವ ಲೆಕ್ಕ. ಬೇರೆ ದಿನ ಈ ಲೆಕ್ಕ ಸರಿಹೋಗುತ್ತದೆ. ದಸರಾಕ್ಕೆ ಯಾರೂ ಕೈಕೊಡುವುದಿಲ್ಲ. ಆಗ ಒಳಗೆ ಹಾಸಿಗೆ ಹಾಸಿ ಕೂತವರನ್ನು ಎಬ್ಬಿಸುವುದು ಕಷ್ಟ, ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತವರನ್ನು ಸಾಗಹಾಕುವುದು ಸುಲಭ. ಸುಸ್ತಾಗಿರುತ್ತೇವೆ, ಜೊತೆಗೆ ವಯಸ್ಸಾದವರು ಇರುತ್ತಾರೆ, ಎಲ್ಲಾದರೂ ಒಂದು ರೂಮು ಸಿಕ್ಕರೆ ಸಾಕು ಅನ್ನಿಸಿರುತ್ತದೆ. ಎರಡು ಗಂಟೆ ಕೂರಿಸಿ ಕಾಯಿಸುವುದರ ಹಿಂದೆಯೂ ಇದೇ ಲೆಕ್ಕ ಇರುತ್ತದೆ ಅಂತ ನನ್ನ ಅನುಮಾನ.

ನಮ್ಮ ವಿಷಯದಲ್ಲಿ ಅನುಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ನಾವು ಅಲ್ಲೇ ಕೂತಿದ್ದಾಗ ಆ ಹುಡುಗ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: “ಒಂದೇ ರೂಮ್ ಇದೆ ಸರ್, ಎಂಟು ಸಾವಿರ ಆಗುತ್ತೆ, ಬೇಗ ಹೇಳಿ.”

ಅತ್ತೆ ನನ್ನ ಮುಖ ನೋಡಿದರು. ಗಂಡ “ಬಿಡು, ರಿಂಗ್ ರೋಡಾದರೆ ರಿಂಗ್ ರೋಡು” ಅಂದರು. ಅಂಬಾರಿಯ ದಿನ ಅರಮನೆ, ಸಯ್ಯಾಜಿರಾವ್ ರಸ್ತೆ ಸುತ್ತ ವಾಹನ ಬಿಡುವುದಿಲ್ಲ. ಮಂಡಿನೋವಿನವರನ್ನು ರಿಂಗ್ ರೋಡಿನಿಂದ ಕರೆತಂದು ವಾಪಸ್ ಕರೆದೊಯ್ಯುವುದು ಹೇಗೆ? ಹತ್ತಿರ ಇರಲಿ ಅಂತಲೇ ಅಲ್ವಾ ಇಷ್ಟು ದುಡ್ಡು ಕೊಟ್ಟಿದ್ದು?

ಕೂಗಾಡುವವರು ಆಗಲೇ ಇಬ್ಬರು ಮೂವರು ಇದ್ದರು. ಒಬ್ಬರು ಕೌಂಟರ್ ಬಡಿದು ಇಂಗ್ಲಿಷಿನಲ್ಲಿ ಬೈಯುತ್ತಿದ್ದರು. ಹುಡುಗ ತಲೆ ತಗ್ಗಿಸಿ ಕೇಳಿಸಿಕೊಂಡು ಮುಂದಿನವರಿಗೆ ಅದೇ ಮಾತು ಹೇಳುತ್ತಿದ್ದ. ಅವನ ಕೈಯಲ್ಲಿ ಏನೂ ಇಲ್ಲ ಅನ್ನುವುದು ಕಾಣಿಸುತ್ತಿತ್ತು. ನಾನು ಮ್ಯಾನೇಜರನ್ನು ಕರೆಯಿರಿ ಅಂದೆ. ಅವರು ಬಂದ ಮೇಲೆ ವಾಟ್ಸಾಪ್ ಮೆಸೇಜು, ಯುಪಿಐ ರಸೀದಿ ಎರಡನ್ನೂ ತೋರಿಸಿ ಒಂದೇ ಮಾತು ಕೇಳಿದೆ. “ಅಡ್ವಾನ್ಸ್ ತಗೊಂಡಿದ್ದೀವಿ, ಕನ್ಫರ್ಮ್ ಮಾಡಿದ್ದೀವಿ, ಈಗ ರೂಮ್ ಕೊಡೋಕಾಗಲ್ಲ ಅಂತ ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ಸೀಲ್ ಹಾಕಿ ಕೊಡಿ. ಅಡ್ವಾನ್ಸ್ ಈಗಲೇ ವಾಪಸ್ ಹಾಕಿ. ನಾವು ಹೊರಡುತ್ತೇವೆ.”

“ಅದೆಲ್ಲ ಯಾಕೆ ಮೇಡಂ, ಕೂತ್ಕೊಳ್ಳಿ” ಅಂದರು. ಕಾಫಿ ಬಂತು. ನಾನು ಕೂರಲಿಲ್ಲ, ಅಲ್ಲೇ ನಿಂತು ಮತ್ತೆ ಅದನ್ನೇ ಕೇಳಿದೆ. ಬಾಯಿಮಾತಿನಲ್ಲಿ ಏನು ಬೇಕಾದರೂ ಹೇಳುವ ಜನ ಕಾಗದದ ಮೇಲೆ ಬರೆಯಲು ಮಾತ್ರ ಸುತರಾಂ ಒಪ್ಪುವುದಿಲ್ಲ. ಅರ್ಧ ಗಂಟೆಯಲ್ಲಿ ಮೂರನೇ ಮಹಡಿಯಲ್ಲಿ ರೂಮು ಹುಟ್ಟಿಕೊಂಡಿತು. ಫೋನಿನಲ್ಲಿ ಎಂಟು ಸಾವಿರ ಹೇಳಿದ್ದು ಅದಕ್ಕೇ ಇರಬೇಕು.

ರೂಮು ಸಿಕ್ಕಿತು ಅಷ್ಟೇ. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಬಾತ್‌ರೂಮಿನಲ್ಲಿ ಯಾರೋ ಅರ್ಧ ಸವೆಸಿದ ಸೋಪು. ದಿಂಬಿನ ಮೇಲೆ ಉದ್ದದ ಕೂದಲು. ಹಾಸಿಗೆಯ ಮೇಲೆ ಹೊಸ ಬೆಡ್‌ಶೀಟ್ ಹಾಕಿದ್ದಲ್ಲ, ಹಳೆಯದನ್ನೇ ಎಳೆದು ಸರಿಮಾಡಿದ್ದು. ಎತ್ತಿ ನೋಡಿದರೆ ಒಂದು ಮೂಲೆಯಲ್ಲಿ ಸಾಂಬಾರಿನ ಹಳದಿ ಕಲೆ. ಇಂಟರ್‌ಕಾಮ್‌ನಲ್ಲಿ 9 ಒತ್ತಿದರೆ ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಕಾರಿಡಾರಿನಲ್ಲಿ ಬಕೆಟ್ ಹಿಡಿದು ಓಡಾಡುತ್ತಿದ್ದ ಹುಡುಗನನ್ನು ನಿಲ್ಲಿಸಿದೆ. ಎಚ್.ಡಿ. ಕೋಟೆ ಕಡೆಯವನು. ಬೆಳಿಗ್ಗೆ ಐದಕ್ಕೆ ಶುರು ಮಾಡಿದ್ದಾನೆ, ಇಡೀ ಮಹಡಿಗೆ ಅವನೊಬ್ಬನೇ. “ಲಾಂಡ್ರಿ ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದೆ ಅಕ್ಕ, ಬೆಡ್‌ಶೀಟ್ ಬಂದಿಲ್ಲ. ಬಂದ ತಕ್ಷಣ ಮೊದಲು ನಿಮಗೇ ತಂದುಕೊಡ್ತೀನಿ.” ರಾತ್ರಿ ಒಂಬತ್ತೂವರೆಗೆ ತಂದುಕೊಟ್ಟ. ನಾವು ಅಷ್ಟರಲ್ಲಿ ಅರಮನೆಯ ದೀಪ ನೋಡಿ ಬಂದಿದ್ದೆವು. ಅವನ ಮೇಲೆ ರೇಗುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ? ಎರಡು ಪಟ್ಟು ಬಾಡಿಗೆ ಏರಿಸಿದ ಮಾಲೀಕರು ಇನ್ನೊಬ್ಬ ಹುಡುಗನನ್ನು ಹತ್ತು ದಿನಕ್ಕೆ ಇಟ್ಟುಕೊಳ್ಳಬಹುದಿತ್ತಲ್ಲ.

ಮರುದಿನ ಆಯುಧಪೂಜೆ. ಬೆಳಿಗ್ಗೆ ಗೀಸರ್ ಸ್ವಿಚ್ ಹಾಕಿದರೆ ಕೆಂಪು ದೀಪವೇ ಹತ್ತಲಿಲ್ಲ. ಕೆಳಗಿಳಿದು ಬಂದೆ. ಅಲ್ಲಿನ ನೋಟ ನೋಡಿ ಒಂದು ಕ್ಷಣ ಬಂದ ಕೆಲಸವೇ ಮರೆತುಹೋಯಿತು. ಲಿಫ್ಟಿನ ಬಾಗಿಲಿಗೆ ಅರಿಶಿನ ಕುಂಕುಮ, ಜನರೇಟರಿಗೆ ಸೇವಂತಿಗೆ ಹಾರ, ಬಾಗಿಲಲ್ಲಿ ಒಡೆಯಲು ಕಾದಿರುವ ಬೂದುಗುಂಬಳಕಾಯಿ. ಮೆಟ್ಟಿಲಿನ ಪಕ್ಕ ಒಂದು ಟೇಬಲ್ ಮೇಲೆ ಡ್ರಿಲ್ಲಿಂಗ್ ಮಷೀನು, ಸ್ಪ್ಯಾನರು, ಕಟಿಂಗ್ ಪ್ಲೇಯರು, ಟೆಸ್ಟರು ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಜೋಡಿಸಿ ವಿಭೂತಿ ಬಳಿದು ಹೂವಿಟ್ಟಿದ್ದಾರೆ. ಪಕ್ಕದಲ್ಲಿ ಎಲೆಕ್ಟ್ರೀಷಿಯನ್ ಹೊಸ ಪಂಚೆ ಉಟ್ಟು ಕೈಕಟ್ಟಿ ನಿಂತಿದ್ದಾರೆ.

“ಗೀಸರ್ ಆನ್ ಆಗ್ತಿಲ್ಲ” ಅಂದೆ.

“ಪೂಜೆಗೆ ಇಟ್ಟಾಗಿದೆ ಅಕ್ಕ. ಇವತ್ತು ಟೂಲ್ಸ್ ಮುಟ್ಟಲ್ಲ. ನಾಳೆ ಎತ್ತೋದು.”

ಏನು ಹೇಳಲಿ? ನಮ್ಮನೆಯಲ್ಲೂ ಆಯುಧಪೂಜೆಯ ದಿನ ಹೊಲಿಗೆ ಮಷೀನ್ ತುಳಿಯುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಅವರ ಮಾತು ಅವರಿಗೆ ಸರಿ. ಆದರೆ ನೂರಾರು ಜನ ತಂಗಿರುವ ಹೋಟೆಲು ಒಂದು ಟೆಸ್ಟರು, ಒಂದು ಸ್ಕ್ರೂಡ್ರೈವರನ್ನು ಪೂಜೆಗೆ ಇಡದೆ ಹೊರಗಿಟ್ಟುಕೊಳ್ಳಬಾರದೇ? ಕೌಂಟರಿನ ಮೇಲಿದ್ದ ಕಾರ್ಡ್ ಸ್ವೈಪ್ ಮಾಡುವ ಮಷೀನಿಗೂ ಕುಂಕುಮದ ಬೊಟ್ಟು ಇಟ್ಟಿದ್ದರು. ಅದಕ್ಕೆ ಮಾತ್ರ ರಜೆ ಇರಲಿಲ್ಲ, ಪೂಜೆ ಮುಗಿಯುವ ಮೊದಲೇ ಡ್ಯೂಟಿಗೆ ಹಾಜರಾಗಿತ್ತು.

ಅಡುಗೆಮನೆಯಿಂದ ಎರಡು ಬಕೆಟ್ ಬಿಸಿನೀರು ಕಳಿಸಿ ಅಂದೆ. ಒಂದು ಬಂತು, ಅದೂ ಮೂರನೇ ಮಹಡಿಗೆ ಹತ್ತುವಷ್ಟರಲ್ಲಿ ಉಗುರುಬೆಚ್ಚಗಾಗಿತ್ತು. ಪೂಜೆ ಅಂತ ಲಿಫ್ಟ್ ನಿಲ್ಲಿಸಿದ್ದರು. ಅತ್ತೆಗೆ ಸ್ನಾನವಾಯಿತು, ನಾವಿಬ್ಬರು ತಣ್ಣೀರಿನಲ್ಲೇ ಮುಗಿಸಿದೆವು.

ಬಾಡಿಗೆಯಲ್ಲಿ ಸೇರಿದ್ದ ತಿಂಡಿಯ ಕತೆ ಇನ್ನೊಂದು. ಹತ್ತೂವರೆವರೆಗೆ ಅಂತ ಬೋರ್ಡಿದೆ, ಒಂಬತ್ತಕ್ಕೇ ದೋಸೆ ಕಾವಲಿ ಆರಿಸಿದ್ದರು. ಉಳಿದದ್ದು ಗಂಟು ಗಂಟಾದ ಉಪ್ಪಿಟ್ಟು. ಆಟೋ ಹಿಡಿದು ನಜರ್‌ಬಾದಿನ ಮೈಲಾರಿಗೆ ಹೋದೆವು. ಅಲ್ಲಿ ಬಾಗಿಲ ಹೊರಗೂ ಜನ. ಕಾದೆವು. ಆದರೆ ಒಳಗೆ ಕೂತ ಮೇಲೆ ದೋಸೆ ಬರುವುದು ತಡವಾಗಲಿಲ್ಲ. ಬೆಣ್ಣೆ ಇಟ್ಟ ಮೆತ್ತನೆಯ ದೋಸೆ, ಒಳಗೆ ಸಾಗು. ಇಲ್ಲೂ ಅದೇ ದಸರಾ, ಅದೇ ರಶ್ಶು. ಕೈ ಓಡುತ್ತಿತ್ತು, ಅಷ್ಟೇ ವ್ಯತ್ಯಾಸ.

ವಾಪಸ್ ಬಂದು ರಿಸೆಪ್ಷನ್‌ನಲ್ಲಿ ಕಂಪ್ಲೇಂಟ್ ರಿಜಿಸ್ಟರ್ ಕೇಳಿದೆ. ಮೊದಲು ಇಲ್ಲ ಅಂದರು, ಆಮೇಲೆ ಡ್ರಾಯರ್‌ನಿಂದ ಒಂದು ಉದ್ದನೆಯ ಪುಸ್ತಕ ತೆಗೆದರು. ಸಮಯ ಹಾಕಿ ಬರೆದೆ: ಗೀಸರ್ ಕೆಲಸ ಮಾಡುತ್ತಿಲ್ಲ, ಬೆಡ್‌ಶೀಟ್ ರಾತ್ರಿ 9.30ಕ್ಕೆ ಬಂತು, ತಿಂಡಿ ಸಿಗಲಿಲ್ಲ. ಹುಡುಗನ ಕೈಲಿ ಸಹಿ ಹಾಕಿಸಿ ಪುಟದ ಫೋಟೋ ತೆಗೆದುಕೊಂಡೆ. ಕಲೆಯಾದ ಬೆಡ್‌ಶೀಟ್, ಗೀಸರ್, ಉಪ್ಪಿಟ್ಟಿನ ಪಾತ್ರೆಯ ಫೋಟೋಗಳನ್ನು ಬುಕಿಂಗ್ ಮಾಡಿದ ಅದೇ ವಾಟ್ಸಾಪ್ ನಂಬರಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ.

ಸಂಜೆ ಮ್ಯಾನೇಜರ್ ಸಿಕ್ಕಾಗ ಹೇಳಿದ್ದು ನಿರೀಕ್ಷಿಸಿದ ಮಾತೇ. “ದಸರಾ ರಶ್ ಇದೆ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

ನನಗೆ ಸಿಟ್ಟು ಬಂದಿದ್ದು ಆಗಲೇ. ದಸರಾ ಏನು ರಾತ್ರೋರಾತ್ರಿ ಬರುತ್ತದೆಯೇ? ಯುಗಾದಿಗೆ ತರುವ ಪಂಚಾಂಗದಲ್ಲೇ ವಿಜಯದಶಮಿ ಯಾವತ್ತು ಅಂತ ಬರೆದಿರುತ್ತದೆ. ರಶ್ ಆಗುತ್ತದೆ ಅಂತ ಗೊತ್ತಿದ್ದೇ 2,400ರ ರೂಮಿಗೆ 5,500 ಹೇಳಿದ್ದು. ಆ 3,100 ರೂಪಾಯಿ ಯಾತಕ್ಕೆ? ಇನ್ನೊಂದು ಜೊತೆ ಬೆಡ್‌ಶೀಟಿಗೆ, ಇನ್ನಿಬ್ಬರು ಕೆಲಸದವರಿಗೆ, ಇನ್ನೊಂದು ಹಂಡೆ ದೋಸೆ ಹಿಟ್ಟಿಗೆ ಅಲ್ವಾ? ರಶ್ಶಿನ ದುಡ್ಡನ್ನು ಮೊದಲೇ ಇಸಿದುಕೊಂಡು ಆಮೇಲೆ ರಶ್ಶನ್ನೇ ನೆಪ ಮಾಡಿದರೆ ಹೇಗೆ? ಇದನ್ನೇ ಅವರಿಗೆ ಹೇಳಿದೆ, ದನಿ ಏರಿಸದೆ. ಅವರು “ನೋಡೋಣ ಮೇಡಂ, ಚೆಕ್‌ಔಟ್ ಟೈಮಲ್ಲಿ ಏನಾದ್ರೂ ಮಾಡೋಣ” ಅಂದರು.

“ನೋಡೋಣ” ಅಂದರೆ ಏನು ಅಂತ ನಮಗೆಲ್ಲ ಗೊತ್ತು. ಆವತ್ತೇ ಸಂಜೆ 1915ಕ್ಕೆ ಫೋನ್ ಮಾಡಿದೆ. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಕನ್ನಡದಲ್ಲೂ ಮಾತನಾಡುತ್ತಾರೆ. ರಾಷ್ಟ್ರೀಯ ರಜಾದಿನ ಮಾತ್ರ ಇರುವುದಿಲ್ಲ, ಮರುದಿನ ಗಾಂಧಿ ಜಯಂತಿ. ಅದಕ್ಕೇ ಅವಸರ. ಸ್ವಲ್ಪ ಹೊತ್ತು ಕಾದ ಮೇಲೆ ಲೈನ್ ಸಿಕ್ಕಿತು. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿ ಬರೆದುಕೊಂಡರು, ದೂರಿನ ನಂಬರ್ ಮೆಸೇಜಿನಲ್ಲಿ ಬಂತು. ಸಹಾಯವಾಣಿಯವರು ತೀರ್ಪು ಕೊಡುವುದಿಲ್ಲ, ದೂರನ್ನು ಆ ಸಂಸ್ಥೆಗೆ ಕಳಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಆದರೂ ದೂರಿಗೆ ಒಂದು ನಂಬರ್ ಬಿದ್ದರೆ ಎದುರಿನವರ ಮಾತಿನ ಧಾಟಿ ಬದಲಾಗುತ್ತದೆ. ಅದು ಎರಡೇ ದಿನದಲ್ಲಿ ಕಣ್ಣಿಗೆ ಬಿತ್ತು.

ವಿಜಯದಶಮಿಯ ದಿನ ಹೋಟೆಲಿನ ವಿಷಯ ಯಾರೂ ಎತ್ತಬಾರದು ಅಂತ ಗಂಡ ಆರ್ಡರ್ ಮಾಡಿದ್ದರು. ಬೆಳಿಗ್ಗೆಯೇ ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿದೆವು. ಹೊರಡುವಾಗ ಎಚ್.ಡಿ. ಕೋಟೆಯ ಹುಡುಗ ಸ್ಟೋರ್ ರೂಮಿನಿಂದ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದು “ಅಜ್ಜಿಗೆ ಬೇಕಾಗುತ್ತೆ, ಸಂಜೆ ವಾಪಸ್ ಕೊಡಿ” ಅಂತ ಕೊಟ್ಟಿದ್ದ. ಅದಿಲ್ಲದಿದ್ದರೆ ಅಷ್ಟು ಹೊತ್ತು ಅತ್ತೆ ಅಲ್ಲಿ ಇರುವುದು ಸಾಧ್ಯವೇ ಇರಲಿಲ್ಲ. ಸ್ತಬ್ಧಚಿತ್ರಗಳು, ಡೊಳ್ಳು, ವೀರಗಾಸೆ ಎಲ್ಲ ಒಂದಾದ ಮೇಲೊಂದು ಹೋದವು. ಕೊನೆಗೆ 750 ಕೆಜಿಯ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಬಂದಾಗ ಅತ್ತೆ ಸ್ಟೂಲಿನಿಂದ ಎದ್ದು ಕೈಮುಗಿದರು. ಮಂಡಿನೋವು ಎಲ್ಲಿ ಹೋಗಿತ್ತೋ.

ಅಕ್ಟೋಬರ್ 3ರ ಬೆಳಿಗ್ಗೆ ಬಿಲ್ಲು. ನನಗೆ ಬಿಲ್ ಪೂರ್ತಿ ಓದುವ ಚಟ, ಮನೆಯಲ್ಲಿ ಅದಕ್ಕೆ ಬೈಸಿಕೊಂಡಿದ್ದೇನೆ. ರೂಮಿಗೆ ಎರಡು ಸಲ ತರಿಸಿದ ಕಾಫಿ, ಚಪಾತಿಗೆ ಸರ್ವಿಸ್ ಚಾರ್ಜ್ ಅಂತ 86 ರೂಪಾಯಿ ಸೇರಿಸಿದ್ದರು. ಸರ್ವಿಸ್ ಚಾರ್ಜನ್ನು ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಇಷ್ಟು ಹೇಳಿದ್ದೇ ತಡ, ತೆಗೆದುಬಿಟ್ಟರು. ಮ್ಯಾನೇಜರಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತೆ.

ದೊಡ್ಡ ವಿಷಯ ಅದರ ಕೆಳಗಿನ ಸಾಲಿನಲ್ಲಿತ್ತು. ಮೂರು ರಾತ್ರಿಗೆ 16,500, ಅದರ ಮೇಲೆ ಶೇ 12 ಜಿಎಸ್‌ಟಿ 1,980. ಸೆಪ್ಟೆಂಬರ್ 3ರ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ದರ ಬದಲಾಗಿ, ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ತೆರಿಗೆ ಶೇ 12ರಿಂದ 5ಕ್ಕೆ ಇಳಿದಿತ್ತು. ಜಾರಿಗೆ ಬಂದಿದ್ದು ಸೆಪ್ಟೆಂಬರ್ 22ರಿಂದ, ಅಂದರೆ ದಸರಾ ಶುರುವಾದ ದಿನದಿಂದಲೇ. ಲೆಕ್ಕಕ್ಕೆ ನಮಗೆ ಬೀಳಬೇಕಾದ್ದು 825. ಹೆಚ್ಚಿಗೆ ಹಾಕಿದ್ದು 1,155.

“ಸಾಫ್ಟ್‌ವೇರ್ ಇನ್ನೂ ಅಪ್‌ಡೇಟ್ ಆಗಿಲ್ಲ ಮೇಡಂ” ಅಂದರು. ಬಾಡಿಗೆ ಏರಿಸಿದ್ದು ಮಾತ್ರ ಆ ಸಾಫ್ಟ್‌ವೇರಿಗೆ ಆಗಸ್ಟ್‌ನಲ್ಲೇ ಗೊತ್ತಾಗಿತ್ತು. ಆಮೇಲೆ ಇನ್ನೊಂದು ವಾದ ಬಂತು: ನೀವು ಬುಕ್ ಮಾಡಿದ್ದು ಆಗಸ್ಟ್‌ನಲ್ಲಿ, ಅಡ್ವಾನ್ಸ್ ಕೊಟ್ಟಿದ್ದೂ ಆಗಲೇ, ಹಾಗಾಗಿ ಹಳೇ ದರ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಕೆಲಸ ಮಾಡುವ ತಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವನು ಕೇಳಿದ್ದು ಎರಡೇ ಪ್ರಶ್ನೆ: ಉಳಿದುಕೊಂಡಿದ್ದು ಯಾವಾಗ, ಬಿಲ್ ಯಾವ ತಾರೀಖಿನದ್ದು? ಎರಡೂ 22ರ ನಂತರ ಅಂದೆ. “ಹಾಗಾದ್ರೆ ಅಡ್ವಾನ್ಸ್ ಯಾವಾಗ ಕೊಟ್ಟಿದ್ರೂ ಹೊಸ ದರವೇ ಅಕ್ಕ. ಮುಂಚೆಯೇ ಬಿಲ್ಲೂ ಕೊಟ್ಟು ದುಡ್ಡೂ ತಗೊಂಡಿದ್ರೆ ಮಾತ್ರ ಹಳೇದು.” ಸ್ಪೀಕರ್‌ನಲ್ಲಿ ಹಾಕಿದ್ದೆ. ಮ್ಯಾನೇಜರ್ ಅಕೌಂಟೆಂಟ್ ಸೋಮವಾರ ಬರುತ್ತಾರೆ ಅಂದರು.

ರೈಲಿಗೆ ಹೊತ್ತಾಗಿತ್ತು. ದುಡ್ಡು ಕಟ್ಟಿದೆ. ಆದರೆ ಅವರ ಕಾಪಿಯ ಮೇಲೆ “ಶೇ 12 ಜಿಎಸ್‌ಟಿಗೆ ಆಕ್ಷೇಪಣೆ ಇದೆ, ರೂಮಿನ ಲೋಪಗಳ ಬಗ್ಗೆ ದೂರು ಕೊಟ್ಟಿದ್ದೇನೆ” ಅಂತ ಬರೆದು ಸಹಿ ಹಾಕಿ ಅದರದ್ದೂ ಒಂದು ಫೋಟೋ ತೆಗೆದೆ.

ಊರಿಗೆ ಬಂದ ಮೇಲೆ ಒಂದು ಪುಟದ ಇಮೇಲ್ ಬರೆದೆ. ಬೈಗುಳ ಇಲ್ಲ, ಭಾವನೆಯ ಮಾತೂ ಇಲ್ಲ. ತಾರೀಖು, ಸಮಯ, ಫೋಟೋ, ಕೇಳುತ್ತಿರುವ ಮೊತ್ತ. ಹೆಚ್ಚಿಗೆ ತೆಗೆದುಕೊಂಡ ತೆರಿಗೆ 1,155, ಬಿಸಿನೀರು ಮತ್ತು ತಿಂಡಿ ಇಲ್ಲದ್ದಕ್ಕೆ ಅರ್ಧ ದಿನದ ಬಾಡಿಗೆ 2,750. ಹದಿನೈದು ದಿನದಲ್ಲಿ ಬರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂತಲೂ ಬರೆದೆ. ಇದು ಮುಖ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು, ಮೈಸೂರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಿದರೆ ಸಾಕು, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಜಿಎಸ್‌ಟಿ ವಿಷಯವನ್ನು ಸಹಾಯವಾಣಿಯ ಪೋರ್ಟಲಿನಲ್ಲಿ ಬೇರೆ ದೂರಾಗಿಯೇ ಹಾಕಿದೆ. ಹೊಸ ದರದ ದೂರುಗಳಿಗೆ ಅಂತಲೇ ಅಲ್ಲಿ ಒಂದು ವಿಭಾಗ ತೆರೆದಿದ್ದರು.

ಮೊದಲು ಬಂದಿದ್ದು ಫೋನ್. ಮಾಲೀಕರ ಮಗನಂತೆ. “ಮೇಡಂ, ಮುಂದಿನ ಸಲ ಬಂದಾಗ ಒಂದು ರಾತ್ರಿ ಫ್ರೀ ಕೊಡ್ತೀವಿ, ಕಂಪ್ಲೇಂಟ್ ವಾಪಸ್ ತಗೊಳ್ಳಿ.” ಆ ರೂಮಿನಲ್ಲಿ ಇನ್ನೊಂದು ರಾತ್ರಿಯೇ! ದುಡ್ಡನ್ನೇ ಕಳಿಸಿ ಅಂದೆ.

ತೆರಿಗೆಯ ದುಡ್ಡು ಬೇಗ ಬಂತು, ಅದರಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ. ಜೊತೆಗೆ ಬಂದ ತಿದ್ದಿದ ಬಿಲ್ಲಿನಲ್ಲಿ ಮಾತ್ರ ನನ್ನ ಗಂಡನ ಹೆಸರು ತಪ್ಪು, ತಾರೀಖು ಸೆಪ್ಟೆಂಬರ್ 20. ಹಳೇ ತಾರೀಖು ಹಾಕಿ ಹೊಸ ದರ! ಅದನ್ನು ವಾಪಸ್ ಕಳಿಸಿ ಸರಿ ಮಾಡಿಸಿದೆ. ಬಿಸಿನೀರಿನ ಬಾಬ್ತು 2,750 ಕೇಳಿದ್ದಕ್ಕೆ 1,500 ಹಾಕಿ, “ಫುಲ್ ಅಂಡ್ ಫೈನಲ್ ಅಂತ ರಿಪ್ಲೈ ಕೊಡಿ” ಅಂತ ಮೆಸೇಜ್ ಮಾಡಿದರು. ಉಳಿದದ್ದಕ್ಕೆ ಆಯೋಗಕ್ಕೆ ಹೋಗಬೇಕೆಂದು ನನಗಿತ್ತು. ಮನೆಯಲ್ಲಿ ವೋಟಿಗೆ ಹಾಕಿದೆ. ಗಂಡ ಬೇಡ, ಅತ್ತೆ ಬೇಕು, ತಮ್ಮ ಬೇಡ. ಸೋತೆ. “1,500 ತಲುಪಿದೆ” ಅಂತಷ್ಟೇ ಉತ್ತರ ಬರೆದೆ. ಫುಲ್ ಅಂಡ್ ಫೈನಲ್ ಅಂತ ಬರೆಯಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ.